ಪರಿಹಾರದ ಹಣ ಯಾರ ಕೈ ಸೇರಿತು?

2020ನೆಯ ಇಸವಿ ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಸಾರಿದ ವಾರ್ತೆಯನ್ನು ನಿಮ್ಮಲ್ಲಿ ಅನೇಕರು ರೇಡಿಯೋದಲ್ಲಿಯೇ ಕೇಳಿರಬಹುದು. ಅಗಸರಿಗೆ, ಕ್ಷೌರಿಕರಿಗೆ, ಆಟೋ ಮತ್ತು ಟ್ಯಾಕ್ಸಿ ನಡೆಸುವವರಿಗೆ ತಲಾ 5,000 ರೂಪಾಯಿ. ಕಟ್ಟಡ ಕೆಲಸಗಾರರಿಗೆ ಮೊದಲೇ ಕೊಟ್ಟಿದ್ದ 2,000ದ ಮೇಲೆ ಮತ್ತೆ 3,000. ಆದರೆ ಪೀಣ್ಯದಲ್ಲಿ ಲೇತ್ ನಡೆಸುವವನು, ವೈಟ್‌ಫೀಲ್ಡಿನಲ್ಲಿ ಇಟ್ಟಿಗೆ ಹೊರುವವಳು, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಕಾರು ಓಡಿಸುವವನು, ಈ ಮೂವರಲ್ಲಿ ಯಾರಿಗೆ ಎಷ್ಟು ಬಂತೆಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಕಷ್ಟ ಮೂವರಿಗೂ ಒಂದೇ ಬಗೆಯದು. ಹಣ ಮಾತ್ರ ಕಷ್ಟವನ್ನು ನೋಡಿ ಬರಲಿಲ್ಲ, ಪಟ್ಟಿಯನ್ನು ನೋಡಿ ಬಂತು.

ಇಟ್ಟಿಗೆ ಹೊರುವವಳ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಅವಳ ಪಾಲಿನ ಹಣ ಸರ್ಕಾರದ ಸಾಮಾನ್ಯ ಬೊಕ್ಕಸದ್ದಲ್ಲ. ಅಂದು ಜಾರಿಯಲ್ಲಿದ್ದ 1996ರ ಕಾಯಿದೆಯ ಪ್ರಕಾರ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲು ಸೆಸ್ಸಾಗಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತಿತ್ತು. ಸ್ವಂತ ವಾಸಕ್ಕೆಂದು ಹತ್ತು ಲಕ್ಷ ರೂಪಾಯಿಯೊಳಗೆ ಕಟ್ಟಿದ ಮನೆಗೆ ಮಾತ್ರ ವಿನಾಯಿತಿ. ವೈಟ್‌ಫೀಲ್ಡಿನ ಗಾಜಿನ ಸೌಧಗಳು ಏಳುತ್ತ ಹೋದಂತೆ ಈ ನಿಧಿಯೂ ಬೆಳೆಯಿತು. ನೀವು ದೊಡ್ಡ ಮನೆ ಕಟ್ಟಿಸಿದ್ದರೆ ನಿಮ್ಮದೂ ಅದರಲ್ಲಿ ಒಂದು ಪಾಲು ಉಂಟು. ಹೀಗೆ ಕಟ್ಟಡದಿಂದ ಬಂದ ಹಣ ಕಟ್ಟಿದವರಿಗೇ ಹಿಂತಿರುಗುವುದು ನ್ಯಾಯವೇ ಸರಿ.

ಆದರೆ ಹಿಂತಿರುಗಬೇಕಾದರೆ ಮಂಡಳಿಯ ಪುಸ್ತಕದಲ್ಲಿ ಹೆಸರಿರಬೇಕು. ವಯಸ್ಸು 18ರಿಂದ 60ರೊಳಗಿರಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಇಂದು ಈ ಮೇಸ್ತ್ರಿ, ನಾಳೆ ಆ ಮೇಸ್ತ್ರಿ ಎಂದು ಅಲೆಯುವ ಹೆಣ್ಣಾಳಿಗೆ ಆ ಕಾಗದಕ್ಕೆ ರುಜು ಹಾಕಿಕೊಡುವವರು ಯಾರು? ರಾಜ್ಯದಲ್ಲಿ ಆಗ 15.80 ಲಕ್ಷ ಕಟ್ಟಡ ಕಾರ್ಮಿಕರು ನೋಂದಾಯಿಸಿಕೊಂಡಿದ್ದರು. ಮೊದಲ 2,000 ರೂಪಾಯಿ ಆ ಹೊತ್ತಿಗೆ ಸಂದಿದ್ದುದು 11.80 ಲಕ್ಷ ಮಂದಿಗೆ. ಉಳಿದ ನಾಲ್ಕು ಲಕ್ಷ ಜನರ ಬ್ಯಾಂಕ್ ಖಾತೆಯ ವಿವರಗಳನ್ನು ಇನ್ನೂ ತಾಳೆ ನೋಡಬೇಕಾಗಿತ್ತು. ನೋಂದಣಿಯೇ ಇಲ್ಲದವರು ಈ ಲೆಕ್ಕಕ್ಕೇ ಸೇರಿದವರಲ್ಲ. ಅದೇ ಮೇ ತಿಂಗಳಲ್ಲಿ ಪೀಣ್ಯದ ಆಚೆ, ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದ ಬಳಿ ಗಂಟುಮೂಟೆಯೊಡನೆ ಊರಿನ ರೈಲಿಗೆ ಕಾದಿದ್ದ ಹೊರರಾಜ್ಯದ ಕೂಲಿಗಾರರ ನೆನಪು ನಿಮಗಿರಬಹುದು.

ಕಾರಿನವನ ಕಥೆ ಚಿಕ್ಕದು. ಹಳದಿ ಫಲಕದ ಟ್ಯಾಕ್ಸಿಯನ್ನು ಓಡಿಸುತ್ತಿದ್ದರೆ ಲೈಸೆನ್ಸು, ವಾಹನದ ಸಂಖ್ಯೆ, ಆಧಾರ್ ಇವುಗಳೊಡನೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದಿತ್ತು. ಧಣಿಯ ಸ್ವಂತ ಕಾರನ್ನು ಸಂಬಳಕ್ಕೆ ಓಡಿಸುವವನಾಗಿದ್ದರೆ ಅದು ಅವನಿಗಲ್ಲ.

ಲೇತ್‌ನವನದೇ ತೊಡಕಿನ ಪ್ರಶ್ನೆ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ತಿನ ನಿಗದಿತ ಶುಲ್ಕವನ್ನು ಮನ್ನಾ ಮಾಡಿದರು. ಅದು ಮಾಲೀಕನಿಗಾದ ಉಪಕಾರ. ಕೆಲಸಗಾರನಿಗೆ ಇದ್ದ ದಾರಿ ಇ.ಎಸ್.ಐ. ಮತ್ತು ಪ್ರಾವಿಡೆಂಟ್ ಫಂಡು. ಇ.ಎಸ್.ಐ.ಗೆ ಸೇರಿದವನು ಕೆಲಸ ಕಳೆದುಕೊಂಡರೆ, ಸರಾಸರಿ ದಿನಗಳಿಕೆಯ ನಾಲ್ಕನೆಯ ಒಂದು ಭಾಗವನ್ನು 90 ದಿನಗಳವರೆಗೆ ಕೊಡುವ ಯೋಜನೆ 2018ರಲ್ಲಿಯೇ ಹುಟ್ಟಿತ್ತು. 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಮಾಲೀಕನ ಮೂಲಕ ಹೋಗದೆ ಕೆಲಸಗಾರನೇ ನೇರವಾಗಿ ಕೇಳಬಹುದೆಂದೂ ಮಾಡಿದರು. ಬಾಗಿಲು ಮುಚ್ಚಿದ ಕಾರ್ಖಾನೆಯ ಮಾಲೀಕನನ್ನು ಹುಡುಕಿ ರುಜು ತರುವುದೆಲ್ಲಿ ಬಂತು! ಪ್ರಾವಿಡೆಂಟ್ ಫಂಡಿನಿಂದ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯಷ್ಟು, ಇಲ್ಲವೆ ಕೂಡಿದ ಹಣದ ಮುಕ್ಕಾಲು ಪಾಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಲು ಬಿಟ್ಟರು. ಇದನ್ನು ಪರಿಹಾರವೆನ್ನಲು ನನಗೆ ಮನಸ್ಸು ಬಾರದು. ಅದು ಅವನ ಮುಪ್ಪಿನ ಉಳಿತಾಯ.

ಅದೂ ಎಲ್ಲರಿಗಿಲ್ಲ. ಕಾರ್ಖಾನೆಗೆ ಇ.ಎಸ್.ಐ. ಅನ್ವಯಿಸಲು ಹತ್ತು ಜನ, ಪ್ರಾವಿಡೆಂಟ್ ಫಂಡಿಗೆ ಇಪ್ಪತ್ತು ಜನ ಕೆಲಸದಲ್ಲಿರಬೇಕು. ಪೀಣ್ಯದ ಆರೇಳು ಜನರ ಷೆಡ್ಡುಗಳು ಈ ಎರಡರ ಹೊರಗೂ ನಿಂತವು. 2021ರ ಮೇ ತಿಂಗಳಲ್ಲಿ ಬಂದ 1,250 ಕೋಟಿಯ ಎರಡನೆಯ ಪರಿಹಾರದಲ್ಲಿ ಹನ್ನೊಂದು ಕಸುಬಿನವರಿಗೆ ತಲಾ 2,000 ರೂಪಾಯಿ ಎಂದಾಯಿತು. ಟೈಲರ್, ಮೆಕ್ಯಾನಿಕ್, ಹಮಾಲಿ, ಚಿಂದಿ ಆಯುವವರು, ಮನೆಗೆಲಸದವರು ಎಲ್ಲರೂ ಪಟ್ಟಿಯಲ್ಲಿದ್ದರು. ಲೇತ್‌ನವನ ಕಸುಬಿನ ಹೆಸರು ಅಲ್ಲಿ ಇರಲಿಲ್ಲ.

ಇನ್ನು ಹಣ ತಲುಪುವ ಬಗೆ. ಮಂಜೂರಾದರೂ ಹಣ ಬರಲಿಲ್ಲವೆಂದು ನಿಮ್ಮ ಮನೆಗೆಲಸದಾಕೆ ಹೇಳಿದರೆ ಸುಳ್ಳೆಂದು ತಳ್ಳಿಹಾಕಬೇಡಿ. ಆಧಾರ್ ಮೂಲಕ ಕಳುಹಿಸುವ ಹಣ ಅರ್ಜಿಯಲ್ಲಿ ಬರೆದ ಖಾತೆಯನ್ನು ನೋಡುವುದಿಲ್ಲ. ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕನ್ನು ಹುಡುಕಿಕೊಂಡು ಹೋಗುತ್ತದೆ. ಎಂದೋ ಒಂದು ದಿನ ಸಂಬಳಕ್ಕೆಂದು ಮತ್ತೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಬೆರಳೊತ್ತಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ. ಇಂದಿನ ಗೃಹಲಕ್ಷ್ಮಿಯ ಹಣಕ್ಕೂ ಇದೇ ದಾರಿ. ಆದ್ದರಿಂದ ಮೊದಲು ಹಳೆಯ ಪಾಸ್‌ಬುಕ್ಕುಗಳನ್ನೆಲ್ಲ ತರಹೇಳಿ, ಒಂದೊಂದಾಗಿ ನಮೂದು ಮಾಡಿಸಿ ನೋಡಿ.