ಚಂದ್ರನಂಗಳ ಮತ್ತು ನಮ್ಮ ಪ್ರಾರ್ಥನೆ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ‘ವಿಕ್ರಮ್’ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎದ್ದ ಕರತಾಡನಕ್ಕೆ ದೇಶವೇ ದನಿಗೂಡಿಸಿತು. ಪಟಾಕಿ ಸಿಡಿದವು, ಬೀದಿಗಳಲ್ಲಿ ಸಿಹಿ ಹಂಚಲಾಯಿತು. ಗುಡಿ, ಮಸೀದಿ, ಚರ್ಚುಗಳಲ್ಲಿ ಮೊದಲೇ ಪ್ರಾರ್ಥನೆಗಳು ನಡೆದಿದ್ದವು. ದೇವರು ನಮ್ಮ ಮೊರೆಯನ್ನು ಆಲಿಸಿದರು ಎಂದವರು ಹಲವರು. ಹಾಗಾದರೆ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರಯಾನ-2ರ ನೌಕೆ ಸಂಪರ್ಕ ಕಡಿದುಕೊಂಡು ಅಪ್ಪಳಿಸಿದಾಗ, ಆಲಿಸಲಿಲ್ಲವೇ? ಅಂದೂ ಪ್ರಾರ್ಥಿಸಿದ್ದೆವು. ಈ ಪ್ರಶ್ನೆಯನ್ನು ನಾವು (ಗುರುಗಳೂ ಸೇರಿ) ಜಾರಿಸಿಬಿಡುತ್ತೇವೆ.

ಸೋಲಿನ ತರುವಾಯ ಇಸ್ರೋ ವಿಜ್ಞಾನಿಗಳು ತಪ್ಪನ್ನು ಹುಡುಕಿದರು, ನೌಕೆಯ ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಅರ್ಧ ಕಿಲೋಮೀಟರ್ ಚೌಕದ ಇಳಿದಾಣವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ದೇವರು ಸೃಷ್ಟಿಗಳನ್ನೂ ನಿಜವಾದ ಕಾರಣಗಳನ್ನಾಗಿ ಮಾಡಿದ್ದಾರೆಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಆ ನಾಲ್ಕು ವರ್ಷಗಳ ದುಡಿಮೆಯನ್ನು ಒಂದು ಸಂಜೆಯ ಮೇಣದಬತ್ತಿಯ ಖಾತೆಗೆ ಬರೆಯುವುದು ಭಕ್ತಿಯಲ್ಲ, ಅನ್ಯಾಯ.

2019ರಲ್ಲಿ ಕಣ್ಣೀರಿಟ್ಟ ಅಂದಿನ ಅಧ್ಯಕ್ಷ ಶಿವನ್ ಅವರನ್ನು ಹಳಿಯದೆ ಜನ ಸಂತೈಸಿದರಲ್ಲ, 2023ರ ಕರತಾಡನಕ್ಕಿಂತ ಅದೇ ನನಗೆ ಪ್ರಾರ್ಥನೆಗೆ ಹತ್ತಿರವಾಗಿ ಕಂಡಿತು.