ಸೂಜಿ ಹಿಡಿಯುವ ಕೈಗೂ ಅಮಾನತ್ ಇದೆ

ಕಳೆದ ತಿಂಗಳು ಅಸರ್ ನಮಾಜಿನ ನಂತರ ನಮ್ಮ ಮೊಹಲ್ಲಾದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಅವರ ಕೈಯಲ್ಲಿ ಒಂದು ಕರಪತ್ರ. ಮೂರೇ ತಿಂಗಳಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಬಹುದು, ಕೆಲಸ ಗ್ಯಾರಂಟಿ ಎಂದು ಅದರಲ್ಲಿತ್ತು. "ಹಜ್ರತ್, ಫೀಸಿಗೆ ನನ್ನ ಬಳೆ ಅಡ ಇಡೋಣ ಅಂತಿದ್ದೀನಿ. ಸೇರಿಸಲಾ?" ಎಂದು ತಾಯಿ ಕೇಳಿದರು.

ನಾನು ಒಂದು ವಾರ ಸಮಯ ಕೇಳಿದೆ. ಲ್ಯಾಬಿನಲ್ಲಿ ಕೆಲಸ ಮಾಡುವ ನಮ್ಮ ಜಮಾಅತಿನ ಸಹೋದರರೊಬ್ಬರ ಬಳಿ ಕುಳಿತು ವಿಚಾರಿಸಿದೆ. ತಿಳಿದದ್ದನ್ನು ಎಲ್ಲ ಮನೆಗಳಿಗೂ ಮುಟ್ಟಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಕೆ.ಆರ್. ಆಸ್ಪತ್ರೆಯಲ್ಲೋ ಚೆಲುವಾಂಬ ಆಸ್ಪತ್ರೆಯಲ್ಲೋ ರಕ್ತಪರೀಕ್ಷೆಗೆ ಸಾಲಿನಲ್ಲಿ ನಿಲ್ಲದ ಮನೆ ನಮ್ಮಲ್ಲಿ ಕಡಿಮೆ. ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸದಂತೆ ಕಾಣುತ್ತದೆ. ಅದಕ್ಕಾಗಿಯೇ ತರಬೇತಿ ಪಡೆದವರನ್ನು ಫ್ಲೆಬಾಟಮಿ ಟೆಕ್ನೀಷಿಯನ್ ಎನ್ನುತ್ತಾರೆ. ದೊಡ್ಡ ಲ್ಯಾಬುಗಳಲ್ಲಿ, ಮನೆಗೆ ಬಂದು ರಕ್ತ ಸಂಗ್ರಹಿಸುವ ಕಡೆಗಳಲ್ಲಿ ಇದು ಪ್ರತ್ಯೇಕ ಕೆಲಸ. ಸಣ್ಣ ಲ್ಯಾಬುಗಳಲ್ಲಿ ಲ್ಯಾಬ್ ಟೆಕ್ನೀಷಿಯನ್ ಒಬ್ಬರೇ ರಕ್ತ ತೆಗೆದು ಪರೀಕ್ಷೆಯನ್ನೂ ಮಾಡುತ್ತಾರೆ.

ಈ ಎರಡು ನಿಮಿಷದಲ್ಲಿ ತಪ್ಪಬಹುದಾದದ್ದು ಬಹಳ. ಮೊದಲು ರೋಗಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಚೀಟಿಯೊಂದಿಗೆ ಹೋಲಿಸಬೇಕು. ನಮ್ಮಲ್ಲಿ ಒಂದೇ ಸಾಲಿನಲ್ಲಿ ಮೂವರು ಫಾತಿಮಾ ಇರಬಹುದು. ಹೆಸರು ಅದಲುಬದಲಾದರೆ ಒಬ್ಬರ ರೋಗಕ್ಕೆ ಇನ್ನೊಬ್ಬರು ಔಷಧ ನುಂಗುತ್ತಾರೆ. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಬಿಟ್ಟರೆ ಫಲಿತಾಂಶವೇ ಏರುಪೇರಾಗುತ್ತದೆ. ಸ್ಪಿರಿಟ್ ಹಚ್ಚಿದ ಜಾಗ ಒಣಗಿದ ಮೇಲೆಯೇ ಸೂಜಿ ಚುಚ್ಚಬೇಕು.

ಟ್ಯೂಬುಗಳ ಮುಚ್ಚಳದ ಬಣ್ಣವೂ ಅಂದಕ್ಕಾಗಿ ಅಲ್ಲ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ; ರಕ್ತಕಣಗಳ ಎಣಿಕೆಗೆ ಅದು ಬೇಕು. ಬೂದು ಟ್ಯೂಬಿನ ಫ್ಲೋರೈಡ್, ರಕ್ತಕಣಗಳು ಸಕ್ಕರೆಯನ್ನು ತಿಂದುಹಾಕದಂತೆ ತಡೆಯುತ್ತದೆ. ಇವುಗಳನ್ನು ತುಂಬಿಸಲು ಒಂದು ಕ್ರಮವಿದೆ: ತಿಳಿನೀಲಿ, ಕೆಂಪು, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನ ಇಡಿಟಿಎ ಸ್ವಲ್ಪವೇ ಕೆಂಪು ಟ್ಯೂಬಿಗೆ ಸೇರಿದರೂ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ಕಾಣುತ್ತದೆ. ಯಂತ್ರ ಸರಿಯಿದ್ದರೂ ವರದಿ ಸುಳ್ಳಾಗುತ್ತದೆ.

ಕೆಲಸ ಮಾಡುವವರಿಗೂ ಅಪಾಯವಿದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ತೂತಾಗದ ಬಿಳಿ ಡಬ್ಬಿಗೆ ನೇರವಾಗಿ ಹಾಕಬೇಕು. ಹೆಪಟೈಟಿಸ್ ಬಿ ಲಸಿಕೆಯ 3 ಡೋಸುಗಳನ್ನು ಮೊದಲೇ ಪಡೆದಿರಬೇಕು. ಇದನ್ನೆಲ್ಲ ಕರಪತ್ರ ಹೇಳುವುದಿಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತು, ನೂರಾರು ಕೈಗಳನ್ನು ಮುಟ್ಟಿಯೇ ಕಲಿಯಬೇಕು.

ಹಾಗಾದರೆ ಸರಿಯಾದ ದಾರಿ ಯಾವುದು? ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ನಡೆಸುವ ಡಿಎಂಎಲ್‌ಟಿ, ಅಂದರೆ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ ಇದೆ. ಪಿಯುಸಿ ವಿಜ್ಞಾನ ಓದಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಲ್ಯಾಬ್ ಟೆಕ್ನಾಲಜಿಗೂ ಸೇರಬಹುದು. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಫ್ಲೆಬಾಟಮಿ ತರಬೇತಿ ಅಲ್ಪಾವಧಿಯದು. ಅದು ರಕ್ತ ಸಂಗ್ರಹಿಸುವ ಕೆಲಸಕ್ಕೆ ಮಾತ್ರ; ಡಿಪ್ಲೊಮಾಕ್ಕೆ ಸಮವಲ್ಲ. ಲ್ಯಾಬ್ ವೃತ್ತಿಯ ಶಿಕ್ಷಣ ಮತ್ತು ನೋಂದಣಿಗಾಗಿ ಕೇಂದ್ರ ಸರ್ಕಾರ 2021ರಲ್ಲೇ ಕಾಯ್ದೆ ತಂದಿದೆ. ಮಾನ್ಯತೆಯಿಲ್ಲದ ಕಾಗದ ಹಿಡಿದವರಿಗೆ ಮುಂದೆ ಕಷ್ಟವೇ.

ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಸಂಸ್ಥೆಗೆ ಈ ವರ್ಷ ಯಾವ ಬೋರ್ಡಿನ ಮಾನ್ಯತೆ ಇದೆ? ಪರೀಕ್ಷೆ ನಡೆಸುವವರು, ಅಂಕಪಟ್ಟಿಗೆ ಮೊಹರು ಹಾಕುವವರು ಯಾರು? ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ ರೋಗಿಗಳ ಬಳಿ ತರಬೇತಿ? ಬಾಯಿಮಾತಿನ ಉತ್ತರ ಸಾಲದು, ಬೋರ್ಡಿನಲ್ಲೇ ವಿಚಾರಿಸಿ. ಬಡ್ಡಿಗೆ ಒಡವೆ ಇಡುವ ಮೊದಲು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಬಗ್ಗೆ ಕೇಳಿ.

ಹೆಣ್ಣುಮಕ್ಕಳಿಗೆ ಈ ಕೆಲಸ ಬೇಡ ಎನ್ನುವ ಹಿರಿಯರಿಗೆ ಒಂದು ಮಾತು. ಪ್ರವಾದಿ(ಸ)ರ ಕಾಲದಲ್ಲಿ ಹಜ್ರತ್ ರುಫೈದಾ(ರ) ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರು; ಅವರ ಡೇರೆ ಮಸ್ಜಿದುನ್ನಬವಿಯಲ್ಲೇ ಇತ್ತು. ನಮ್ಮ ಮನೆಯ ಅಜ್ಜಿಯರು ಗಂಡಸರ ಮುಂದೆ ತೋಳು ಚಾಚಲು ಸಂಕೋಚಪಟ್ಟು ಪರೀಕ್ಷೆಯನ್ನೇ ಮುಂದೂಡುತ್ತಾರೆ. ಅವರ ಕೈ ಹಿಡಿಯಲು ನಮ್ಮ ಹೆಣ್ಣುಮಕ್ಕಳೇ ಕಲಿತಿರಬೇಕು.

ಆ ತಾಯಿ ಮುಂದಿನ ವಾರ ಬಂದರು. ಮೂರು ಪ್ರಶ್ನೆಗಳನ್ನೂ ಫೋನಿನಲ್ಲಿ ಕೇಳಿದ್ದರಂತೆ. "ಮೊದಲು ಅಡ್ಮಿಷನ್ ಮಾಡಿಸಿ, ಆಮೇಲೆ ಹೇಳುತ್ತೇವೆ" ಎಂಬ ಉತ್ತರ ಬಂತಂತೆ. ಬಳೆ ಅವರ ಕೈಯಲ್ಲೇ ಇತ್ತು. ಮಗಳು ಈಗ ಡಿಪ್ಲೊಮಾದ ಅರ್ಜಿಗೆ ಕಾಗದಪತ್ರ ಜೋಡಿಸುತ್ತಿದ್ದಾಳೆ. ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಇನ್ನೊಬ್ಬರ ರಕ್ತ ನಮ್ಮ ಕೈಗೆ ಬಂದ ಅಮಾನತ್. ಕಲಿಯದೆ ಅದನ್ನು ಮುಟ್ಟುವ ಹಕ್ಕು ನಮಗಿಲ್ಲ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಹಲಾಲ್ ದುಡಿಮೆಯನ್ನೂ ಕರುಣಿಸಲಿ, ಆಮೀನ್.