ಮಿದುಳಿನ ಕಾಯಿಲೆ, ಯಕೃತ್ತಿನ ಕೀಲಿಕೈ

ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಮಾತು, ವಿವೇಚನೆ, ದಾರಿ ಗುರುತಿಸುವ ಶಕ್ತಿ ಇವೆಲ್ಲ ಕ್ರಮೇಣ ಕುಗ್ಗಿ, ವ್ಯಕ್ತಿಯು ತನ್ನ ನಿತ್ಯದ ಕೆಲಸಗಳಿಗೂ ಇನ್ನೊಬ್ಬರನ್ನು ಆಶ್ರಯಿಸಬೇಕಾದ ಸ್ಥಿತಿಗೆ ತಲುಪಿದಾಗ ಅದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಇದಕ್ಕೆ ಕಾರಣವಾಗುವ ರೋಗಗಳಲ್ಲಿ ಆಲ್ಝೈಮರ್ ಕಾಯಿಲೆಯದು ಮೊದಲ ಸ್ಥಾನ. ಮಿದುಳಿನ ರಕ್ತನಾಳಗಳು ಕೆಡುವುದರಿಂದ ಬರುವ ಬಗೆಯೂ ನಮ್ಮಲ್ಲಿ ಸಾಕಷ್ಟಿದೆ. ಆಲ್ಝೈಮರ್ ಕಾಯಿಲೆಯಂತೆ ನರಕೋಶಗಳು ನಿಧಾನವಾಗಿ ಕ್ಷೀಣಿಸಿ ಸಾಯುವ ರೋಗಗಳನ್ನು ನರಕ್ಷಯ ರೋಗಗಳೆಂದು ಕರೆಯಲಾಗುತ್ತದೆ.

ವಯಸ್ಸಾದ ಮೇಲೆ ಅರಳುಮರಳು ಸಹಜ ಎಂಬ ಮಾತು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಮಾತ್ರವಲ್ಲ, ಬೆಂಗಳೂರಿನ ಓದಿದ ಕುಟುಂಬಗಳಲ್ಲಿಯೂ ಕೇಳಿಬರುತ್ತದೆ. ಭಾರತದಲ್ಲಿ ನಡೆದ ವ್ಯಾಪಕ ಸಮೀಕ್ಷೆಯೊಂದರ ಅಂದಾಜನ್ನು 2023ರಲ್ಲಿ ಪ್ರಕಟಿಸಲಾಯಿತು. ಅದರಂತೆ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ನೂರರಲ್ಲಿ ತೊಂಬತ್ತೆರಡಕ್ಕಿಂತ ಹೆಚ್ಚು ಹಿರಿಯರಿಗೆ ಅದು ಇಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ. ಮುಪ್ಪಿನಿಂದ ಅಪಾಯ ಹೆಚ್ಚುತ್ತದೆ, ನಿಜ. ಆದರೆ ಮುಪ್ಪೇ ರೋಗವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ ಇವುಗಳಿಂದಲೂ ಮರೆವು ಕಾಣಿಸಿಕೊಳ್ಳಬಹುದಾಗಿದ್ದು, ಅವು ಬಹುಮಟ್ಟಿಗೆ ಚಿಕಿತ್ಸೆಗೆ ಬಗ್ಗುವಂಥವು. ವಯಸ್ಸಿನ ನೆಪದಲ್ಲಿ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯದಿರುವುದು ಆದ್ದರಿಂದಲೇ ದೊಡ್ಡ ತಪ್ಪು.

1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್, ಮರೆವಿನಿಂದ ಬಳಲಿ ತೀರಿಕೊಂಡ ಮಹಿಳೆಯೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ಕಂಡದ್ದನ್ನು ವಿವರಿಸಿದರು. ನರಕೋಶಗಳ ಹೊರಗೆ ಜಮೆಯಾದ ಗಡ್ಡೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು ಅಲ್ಲಿದ್ದವು. ಹೊರಗಿನ ಗಡ್ಡೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕುಗಳಿಂದಲೂ, ಒಳಗಿನ ಸಿಕ್ಕುಗಳು ಟೌ ಎಂಬ ಪ್ರೋಟೀನಿನಿಂದಲೂ ಆದವು ಎಂಬುದು ಈಗ ತಿಳಿದಿದೆ. ಅಮಿಲಾಯ್ಡ್ ಆರೋಗ್ಯವಂತರ ಮಿದುಳಿನಲ್ಲಿಯೂ ಪ್ರತಿದಿನ ಉತ್ಪತ್ತಿಯಾಗುತ್ತದೆ ಎಂಬ ಸಂಗತಿಯನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಉತ್ಪತ್ತಿಯಾದದ್ದು ಅಷ್ಟೇ ವೇಗದಲ್ಲಿ ಹೊರಹೋಗುತ್ತಿದ್ದರೆ ತೊಂದರೆಯಿಲ್ಲ. ಮುಪ್ಪಿನಲ್ಲಿ ಬರುವ ಸಾಮಾನ್ಯ ಆಲ್ಝೈಮರ್ ಕಾಯಿಲೆಯಲ್ಲಿ ಹೊರಹೋಗುವ ಕ್ರಿಯೆಯೇ ಕುಂಠಿತವಾಗುತ್ತದೆಂದು ಹಲವು ಸಂಶೋಧನೆಗಳು ಸೂಚಿಸಿವೆ. ಹಾಗಿದ್ದರೆ ಅದು ಹೋಗುವುದೆಲ್ಲಿಗೆ?

ಈ ಪ್ರಶ್ನೆಗೆ ಬಹು ಸ್ವಾರಸ್ಯಕರವಾದ ಉತ್ತರವೊಂದು ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಪ್ರಯೋಗಾಲಯದಿಂದ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಶೋಧನೆ ನಡೆಸಿ, ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ಈ ವಿಜ್ಞಾನಿ, ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರಕ್ಕೂ ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರಕ್ಕೂ ಅಸ್ತಿವಾರ ಹಾಕಿದರು. ಕೇಸರಿ ಬೇಳೆಯಲ್ಲಿರುವ ವಿಷವು ನರಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಶೋಧಿಸಿದವರೂ ಅವರೇ.

2012ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಬಂಧದ ವಿಷಯ ಅಶ್ವಗಂಧ, ಅಂದರೆ ನಮ್ಮ ನಾಡಿನಲ್ಲಿ ಹಿರೇಮದ್ದು ಎಂದೂ ಹೆಸರಾದ ಗಿಡ. ಅಮಿಲಾಯ್ಡ್ ಗಡ್ಡೆ ಬೆಳೆಯುವಂತೆ ವಂಶವಾಹಿಗಳನ್ನು ಮಾರ್ಪಡಿಸಿದ ಇಲಿಗಳಿಗೆ ಈ ಗಿಡದ ಬೇರಿನಿಂದ ಭಾಗಶಃ ಶುದ್ಧೀಕರಿಸಿದ ಸಾರವನ್ನು 30 ದಿನ ಬಾಯಿಯ ಮೂಲಕ ಕೊಟ್ಟಾಗ ಅವುಗಳ ಕಲಿಕೆ ಮತ್ತು ನೆನಪು ಸುಧಾರಿಸಿದವು, ಮಿದುಳಿನ ಗಡ್ಡೆಗಳು ತಗ್ಗಿದವು. ಇಷ್ಟೇ ಆಗಿದ್ದರೆ ಇದು ಗಿಡಮೂಲಿಕೆಯೊಂದರ ಗುಣಗಾನವಾಗಿ ಉಳಿಯುತ್ತಿತ್ತು. ಈ ಸಾರವು ಕೆಲಸ ಮಾಡುತ್ತಿರುವುದು ಎಲ್ಲಿ ಎಂದು ತಂಡವು ಹುಡುಕಿಕೊಂಡು ಹೋದದ್ದರಲ್ಲಿ ಪ್ರಬಂಧದ ನಿಜವಾದ ಮಹತ್ವವಿದೆ. ಏಳನೆಯ ದಿನಕ್ಕೆ ಮಿದುಳಿನ ಅಮಿಲಾಯ್ಡ್ ಇಳಿದು ರಕ್ತದಲ್ಲಿ ಏರಿತ್ತು. ಆದರೆ ಅಷ್ಟರಲ್ಲಿ ಮಿದುಳಿನ ರಕ್ತನಾಳಗಳಲ್ಲಿ ಗಮನಾರ್ಹ ಬದಲಾವಣೆಯೇನೂ ಆಗಿರಲಿಲ್ಲ. ಬದಲಾದದ್ದು ಯಕೃತ್ತು. ಅಲ್ಲಿ ಎಲ್‌ಆರ್‌ಪಿ ಎಂಬ ಗ್ರಾಹಕದ, ಎಂದರೆ ಕೊಬ್ಬು ಸಾಗಿಸುವ ಕಣಗಳನ್ನೂ ಅಮಿಲಾಯ್ಡನ್ನೂ ಹಿಡಿದುಕೊಳ್ಳಬಲ್ಲ ಪ್ರೋಟೀನಿನ, ಪ್ರಮಾಣ ಹೆಚ್ಚಿತ್ತು. ಅದರ ಕರಗಿದ ರೂಪವೊಂದು ರಕ್ತದಲ್ಲಿಯೂ ಏರಿ, ಅಮಿಲಾಯ್ಡನ್ನು ರಕ್ತದೊಳಗೇ ಹಿಡಿದಿಡುತ್ತಿತ್ತು.

ಘಟಪ್ರಭಾ ಕಾಲುವೆಯ ಕಬ್ಬಿನ ಹೊಲಗಳಲ್ಲಿ ನೀರು ನಿಂತು ಭೂಮಿ ಜವಳಾದಾಗ ರೈತರು ಹೊಲದೊಳಗಿನ ನೀರನ್ನು ಮೊಗೆದು ಚೆಲ್ಲುವುದಿಲ್ಲ. ತಗ್ಗಿನ ಅಂಚಿನಲ್ಲಿ ಬಸಿಗಾಲುವೆ ತೋಡುತ್ತಾರೆ, ನೀರು ತಾನಾಗಿ ಅತ್ತ ಇಳಿಯುತ್ತದೆ. ಯಕೃತ್ತು ಇಲ್ಲಿ ಮಾಡಿದ್ದು ಆ ಬಸಿಗಾಲುವೆಯ ಕೆಲಸ. ರಕ್ತದಲ್ಲಿ ಬಿಡಿಯಾಗಿ ತಿರುಗುವ ಅಮಿಲಾಯ್ಡನ್ನು ಹಿಡಿದು ವಿಲೇವಾರಿ ಮಾಡಿದಷ್ಟೂ ಮಿದುಳಿನಿಂದ ಇನ್ನಷ್ಟು ಅಮಿಲಾಯ್ಡ್ ಹೊರಬರುತ್ತದೆ. ಇದು ಊಹೆಯೋ ನಿಜವೋ ಎಂಬುದನ್ನು ತೀರ್ಮಾನಿಸಲು ತಂಡವು ಒಂದು ಸೊಗಸಾದ ಪರೀಕ್ಷೆ ಮಾಡಿತು: ಯಕೃತ್ತಿನಲ್ಲಿ ಮಾತ್ರ ಎಲ್‌ಆರ್‌ಪಿಯನ್ನು ಕುಗ್ಗಿಸಿ, ಮತ್ತೆ ಅದೇ ಸಾರವನ್ನು ಕೊಟ್ಟಿತು. ಈ ಬಾರಿ ಇಲಿಗಳಿಗೆ ಪ್ರಯೋಜನವಾಗಲಿಲ್ಲ. ಮಿದುಳಿನ ರೋಗವನ್ನು ಮಿದುಳಿನೊಳಗೆ ಮಾತ್ರ ಹುಡುಕಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಕಾಣುವುದು ಕಷ್ಟ. ಮಿದುಳಿಗೆ ಔಷಧ ತಲುಪಿಸಲು ದೊಡ್ಡ ಅಡ್ಡಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ಯಕೃತ್ತಿನ ಮೂಲಕ ಕೆಲಸ ಸಾಧಿಸಬಹುದಾದರೆ ಆ ಗೋಡೆಯನ್ನು ದಾಟುವ ಅಗತ್ಯವೇ ಬೀಳದು.

ಇಲ್ಲಿಯೇ ಜನಸಾಮಾನ್ಯರು ಎಡವುತ್ತಾರೆ. ಅಶ್ವಗಂಧದ ಪುಡಿ ತಿಂದರೆ ಮರೆವು ವಾಸಿಯಾಗುತ್ತದೆ ಎಂದು ಈ ಪ್ರಬಂಧ ಹೇಳುವುದಿಲ್ಲ. ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಕೊಟ್ಟದ್ದು ಅಂಗಡಿಯ ಪುಡಿಯಲ್ಲ, ಪ್ರಮಾಣವೂ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1 ಗ್ರಾಮಿನಷ್ಟು ಹೆಚ್ಚಿನದು. ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಆಲ್ಝೈಮರ್ ಔಷಧಗಳು ಬಹಳಷ್ಟಿವೆ. ಅಶ್ವಗಂಧದ ಸೇವನೆಯಿಂದ ಕೆಲವರಲ್ಲಿ ಯಕೃತ್ತಿಗೇ ಹಾನಿಯಾದ ವರದಿಗಳೂ ಇರುವುದರಿಂದ, ವೈದ್ಯರನ್ನು ಕೇಳದೆ ಹಿರಿಯರಿಗೆ ಅದನ್ನು ತಿನ್ನಿಸುವುದು ಸಲ್ಲದು. ಈ ಶೋಧದಿಂದ ದೊರೆತದ್ದು ಮದ್ದಿಗಿಂತ ಮುಖ್ಯವಾಗಿ ಒಂದು ದಿಕ್ಕು.

ರವೀಂದ್ರನಾಥ್ ಅವರು ಮುಂದೆ ಇಲಿಗಳಿಂದ ಮನುಷ್ಯರತ್ತ ಹೊರಳಿದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಂಡು, ಅವರ ನೆನಪಿನ ಶಕ್ತಿ, ರಕ್ತ, ವಂಶವಾಹಿ, ಮಿದುಳಿನ ಚಿತ್ರ ಇವುಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವ ಗುರಿಯ ಅಧ್ಯಯನವನ್ನು ಮಿದುಳು ಸಂಶೋಧನಾ ಕೇಂದ್ರವು ಆರಂಭಿಸಿತು. ರೋಗ ಬಂದ ಮೇಲೆ ನೋಡುವುದಕ್ಕಿಂತ ಬರುವ ಮೊದಲೇ ನೋಡತೊಡಗಿದರೆ ಮಾತ್ರ ಕಾರಣಗಳು ಕಾಣುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿವುಡುತನ, ತಂಬಾಕು, ಬಾಲ್ಯದ ಶಿಕ್ಷಣದ ಕೊರತೆ ಸೇರಿದಂತೆ 14 ಅಪಾಯಕಾರಿ ಅಂಶಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇಕಡಾ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಅಂದಾಜಿಸಿದೆ. ನಮ್ಮ ಹಳ್ಳಿಗಳಲ್ಲಿ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ನಮ್ಮ ಹಳ್ಳಿಗಳೇ ತಿಳಿಸಬೇಕು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಇಂತಹದೇ ಅಧ್ಯಯನ ಬೇಕೆನ್ನಲು ಬೇರೊಂದು ಕಾರಣವೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಮಹಾರಾಷ್ಟ್ರದ ಗಡಿಗೆ ಹತ್ತಿರದ ಹುಕ್ಕೇರಿ, ಸಂಕೇಶ್ವರದ ಪೇಟೆಗಳಲ್ಲಿ ಕನ್ನಡದೊಡನೆ ಮರಾಠಿಯನ್ನೂ ಸಲೀಸಾಗಿ ಆಡುವ ಹಿರಿಯರಿದ್ದಾರೆ. ಕನ್ನಡವೊಂದನ್ನೇ ಆಡುತ್ತ ಬಾಳಿದವರೂ ಅದೇ ಸೀಮೆಯಲ್ಲಿದ್ದಾರೆ. ನೀರು, ಊಟ, ದುಡಿಮೆ ಬಹುಮಟ್ಟಿಗೆ ಒಂದೇ ಆಗಿ ಭಾಷೆಯಲ್ಲಿ ಮಾತ್ರ ಭಿನ್ನರಾದ ಜನ ಅಕ್ಕಪಕ್ಕದಲ್ಲಿ ಸಿಗುವುದು ಸಂಶೋಧಕರಿಗೆ ಅಪರೂಪದ ಅವಕಾಶ. ಶಾಲೆ ಕಾಣದ ಹಿರಿಯರಿಗೂ ಹೊಂದುವ, ಉತ್ತರ ಕರ್ನಾಟಕದ ಮಾತಿನಲ್ಲಿಯೇ ಕೇಳುವ ನೆನಪಿನ ಪರೀಕ್ಷೆಗಳು ಇದಕ್ಕೆ ಮೊದಲು ಸಿದ್ಧವಾಗಬೇಕು. ಬೆಳಗಾವಿಯ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಅವರು ಮನೆಬಾಗಿಲಿಗೆ ಬಂದಾಗ ಈ ತಾಲ್ಲೂಕುಗಳ ಕುಟುಂಬಗಳು ತಮ್ಮ ಹಿರಿಯರೊಡನೆ ಕುಳಿತು ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು.